ಏಳು ಸುತ್ತಿನ ಕೋಟೆ

ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಕೋಟೆ ಬರೆಯಲು ಬರುತ್ತಿತ್ತು. ಮಳೆಗಾಲದ ಮಧ್ಯಾಹ್ನ, ಹೊಲಕ್ಕೆ ಹೋಗಲಾಗದ ದಿನ, ಒಲೆಯಿಂದ ಒಂದು ಇದ್ದಿಲಿನ ಚೂರು ತಂದು ಪಡಸಾಲೆಯ ಸಾರಿಸಿದ ನೆಲದ ಮೇಲೆ ಕೂರುತ್ತಿದ್ದಳು. ಮೊದಲು ಒಂದು ಅಡ್ಡಗೆರೆ, ಅದನ್ನು ಹಾಯುವ ಒಂದು ಉದ್ದಗೆರೆ. ನಾಲ್ಕು ಸಂದಿಗೆ ನಾಲ್ಕು ಮಡಚಿದ ಗೆರೆ, ಮೊಣಕಾಲು ಮಡಚಿ ಕೂತವರ ಹಾಗೆ. ಆಚೆಯ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಇಷ್ಟಾದ ಮೇಲೆ ಒಂದರ ತುದಿಯಿಂದ ಇನ್ನೊಂದರ ತುದಿಗೆ ಕಮಾನು ಎಳೆಯುತ್ತಾ ಹೋಗುವಳು. ಮೊದಲನೆಯ ಕಮಾನು ಹೆಬ್ಬೆರಳಿನಷ್ಟು, ಎಂಟನೆಯದು ಬರುವ ಹೊತ್ತಿಗೆ ಅವಳು ಕೂತಲ್ಲಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಸುತ್ತ ಬಗ್ಗಿ ನಡೆಯಬೇಕಾಗುತ್ತಿತ್ತು. ಎಂಟು ಗೋಡೆ, ನಡುವೆ ಏಳು ಓಣಿ.

‘ಹೊಗು ಒಳಗ’ ಅಂತ ಒಂದು ಶೇಂಗಾ ಬೀಜ ಕೈಗೆ ಕೊಡುವಳು. ನಾನು ಬೀಜವನ್ನು ಬೆರಳ ತುದಿಯಿಂದ ನೂಕುತ್ತಾ ಕೋಟೆಯ ಬಾಯಿಂದ ಒಳಗೆ ಹೊರಡುತ್ತಿದ್ದೆ. ಅಲ್ಲಿ ತಪ್ಪು ದಾರಿ ಅನ್ನುವುದೇ ಇರಲಿಲ್ಲ. ಕವಲಿಲ್ಲ, ಎದುರು ಗೋಡೆಯಿಲ್ಲ. ಇರುವುದು ಒಂದೇ ಓಣಿ, ಅದು ತಿರುಗಿದ ಕಡೆ ತಿರುಗುತ್ತಾ ಹೋದರೆ ನಡುವಿನ ಮನೆ ಬರುತ್ತದೆ. ಬೀಜ ನಡುವಿಗೆ ಮುಟ್ಟಿತೆಂದರೆ ನಾನು ಅದನ್ನು ಅಲ್ಲಿಂದಲೇ ಎತ್ತಿ ಬಾಯಿಗೆ ಹಾಕಿಕೊಳ್ಳುವವನು. ಆಯಿಗೆ ಅದು ಸೇರುತ್ತಿರಲಿಲ್ಲ. ‘ಹಂಗ ಎತ್ತಬ್ಯಾಡೋ ಯಪ್ಪಾ, ಹೊಕ್ಕವ ಹೊಳ್ಳಿ ಬರಬೇಕು’ ಅಂತ ಇನ್ನೊಂದು ಬೀಜ ಇಟ್ಟು, ಬಂದ ದಾರಿಯಲ್ಲೇ ಹೊರಗೆ ನೂಕಿಸುತ್ತಿದ್ದಳು. ಆ ಎರಡನೆಯ ನೂಕಾಟ ನನಗೆ ಬೇಸರ. ನಡು ಮುಟ್ಟಿದ ಮೇಲೆ ಆಟ ಮುಗಿದಂತಲ್ಲವೇ ಅನ್ನಿಸುತ್ತಿತ್ತು.

ಅದೇ ಕೋಟೆಯನ್ನು ನಾನು ಮತ್ತೆ ಕಂಡದ್ದು ದೊಡ್ಡಾಟದಲ್ಲಿ. ಹಿರೇಬೆಂಡಿಗೇರಿಯಲ್ಲಿ ಸುಗ್ಗಿ ಮುಗಿದ ಮೇಲೆ, ಊರವರೇ ತಿಂಗಳುಗಟ್ಟಲೆ ತಾಲೀಮು ಮಾಡಿ ಆಡಿದ ಅಭಿಮನ್ಯು ಕಾಳಗ. ಹಗಲು ಗಳೆ ಹೊಡೆಯುವವರು ರಾತ್ರಿ ಕಿರೀಟ ಭುಜಕೀರ್ತಿ ಕಟ್ಟಿಕೊಂಡು ದ್ರೋಣ ಕರ್ಣರಾಗಿದ್ದರು. ಅಟ್ಟದ ಮೇಲೆ ಕೋಟೆ ಕಟ್ಟಲು ಬರುವುದಿಲ್ಲವಲ್ಲ. ಏಳು ಜನ ಕೈಯಲ್ಲಿ ಧೋತರದ ತುದಿ ಹಿಡಿದು ಸುತ್ತು ನಿಂತರು, ಅದೇ ವ್ಯೂಹ. ಮದ್ದಳೆಯ ಪೆಟ್ಟಿಗೆ ಅಭಿಮನ್ಯು ಒಂದೊಂದೇ ಧೋತರ ಹಾರಿ ಒಳಗೆ ಹೋದ. ಹೊರಗೆ ಬರಲಿಲ್ಲ. ನಸುಕಿನಲ್ಲಿ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದೆ, ಅವಗ ಯಾಕ ಬರಾಕ ಬರಲಿಲ್ಲ ಅಂತ.

ಅವಳು ಹೇಳಿದ ಕತೆ ನಮ್ಮ ಕಡೆಯ ಮಕ್ಕಳೆಲ್ಲ ಕೇಳಿದ್ದೇ. ಸುಭದ್ರೆ ತುಂಬಿದ ಬಸುರಿ. ಅಣ್ಣ ಕೃಷ್ಣ ಅವಳಿಗೆ ಹೊತ್ತು ಹೋಗಲೆಂದು ಚಕ್ರವ್ಯೂಹದ ಗುಟ್ಟು ಹೇಳುತ್ತಿದ್ದ. ಅವಳು ಹೂಂ ಹೂಂ ಅನ್ನುತ್ತಿದ್ದಳು. ಒಳಗೆ ಹೋಗುವ ಬಗೆ ಮುಗಿಯುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು, ಆದರೂ ಹೂಂ ಬರುತ್ತಲೇ ಇತ್ತು. ಯಾರು ಹೂಂಗುಟ್ಟುವವರು ಅಂತ ಕೃಷ್ಣ ನೋಡಿದರೆ ಹೊಟ್ಟೆಯೊಳಗಿನ ಕೂಸು. ಅವನು ಅಲ್ಲಿಗೆ ಕತೆ ನಿಲ್ಲಿಸಿಬಿಟ್ಟ. ಬರುವ ದಾರಿ ಹೇಳದೇ ಉಳಿಯಿತು. ವ್ಯಾಸರ ಭಾರತದಲ್ಲಿ ಬಸಿರಿನ ಮಾತಿಲ್ಲ, ಅಪ್ಪ ನನಗೆ ಭೇದಿಸಿ ಒಳಹೋಗುವುದನ್ನಷ್ಟೇ ಕಲಿಸಿದ್ದಾನೆ ಅಂತ ಅಭಿಮನ್ಯು ಧರ್ಮರಾಯನಿಗೆ ಹೇಳುತ್ತಾನೆ, ಅಷ್ಟೇ. ಬಸಿರು, ನಿದ್ದೆ, ಹೂಂ ಇವೆಲ್ಲ ಜನ ಕೂಡಿಸಿದ್ದು. ಜನ ಕೂಡಿಸಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಕೇಳುವವರು ಎಚ್ಚರವಿಲ್ಲದಿದ್ದರೆ ಹೇಳುವವನ ಕತೆ ಅರ್ಧಕ್ಕೆ ನಿಲ್ಲುತ್ತದೆ, ಅರ್ಧ ಕೇಳಿದವನು ಹದಿನಾರು ವರ್ಷಕ್ಕೆ ಸಾಯುತ್ತಾನೆ. ಇದು ಯುದ್ಧ ನೋಡಿದವರು ಕಟ್ಟಿದ ಕತೆಯೇ ಇರಬೇಕು.

ಆಯಿ ಇನ್ನೊಂದು ಮಾತು ಸೇರಿಸಿದ್ದಳು: ‘ಆ ಹುಡುಗ ನಮ್ಮ ಹಾನಗಲ್ಲಿನ ಅಳಿಯಾನೋ.’ ಹಾನಗಲ್ಲು ವಿರಾಟನಗರಿ ಅನ್ನುವುದು ನಮ್ಮ ಸೀಮೆಯ ನಂಬಿಕೆ, ಹಳೆಯ ಶಾಸನಗಳಲ್ಲೂ ಪಾನುಂಗಲ್ಲಿಗೆ ವಿರಾಟನ ಹೆಸರು ಅಂಟಿಕೊಂಡು ಬಂದಿದೆ. ಅಲ್ಲಿ ಕುಂತಿಯ ದಿಬ್ಬವನ್ನು ತೋರಿಸುವವರು ಈಗಲೂ ಇದ್ದಾರೆ. ವಿರಾಟನ ಮಗಳು ಉತ್ತರೆ, ಅಭಿಮನ್ಯುವಿನ ಹೆಂಡತಿ. ಅವಳಿಗೆ ಕುಣಿತ ಕಲಿಸಿದವನು ಬೃಹನ್ನಳೆಯ ವೇಷದ ಅರ್ಜುನ. ಗಾಂಡೀವವನ್ನು ಬನ್ನಿಯ ಮರದಲ್ಲಿ ಕಟ್ಟಿಟ್ಟು, ಒಂದು ವರ್ಷ ಹುಡುಗಿಯರಿಗೆ ಹೆಜ್ಜೆ ಹೇಳಿಕೊಟ್ಟ ಸಿಪಾಯಿ. ತಾರಕೇಶ್ವರ ಗುಡಿಯ ನಡುವಿನ ಛತ್ತಿನಲ್ಲಿ, ಸುತ್ತಿನ ಮೇಲೆ ಸುತ್ತು ಕಿರಿದಾಗುತ್ತಾ ಹೋಗಿ ಕೊನೆಗೆ ತಲೆಕೆಳಗಾಗಿ ತೂಗುವ ಕಲ್ಲಿನ ತಾವರೆಯನ್ನು ಕುತ್ತಿಗೆ ನೋಯುವವರೆಗೆ ನೋಡಿದ್ದೇನೆ. ನಮ್ಮ ಆಟದವರು ಚಕ್ರವ್ಯೂಹಕ್ಕೆ ಪದ್ಮವ್ಯೂಹ ಅಂತಲೂ ಅನ್ನುತ್ತಾರೆ. ಆ ತಾವರೆಯ ಕೆಳಗೆ ನಿಂತಾಗಲೆಲ್ಲ ನನಗೆ ಬೃಹನ್ನಳೆಯ ನೆನಪು. ಆ ವರ್ಷ ಅವನ ಬದುಕಿನ ಒಳ್ಳೆಯ ವರ್ಷವಾಗಿತ್ತೆಂದು ನಾನು ನಂಬಿದ್ದೇನೆ.

1989ರಲ್ಲಿ, ಹದಿನೆಂಟು ತುಂಬಿದ ವರ್ಷ, ಬೆಂಗಳೂರಿನ ಹಲಸೂರು ಕೆರೆಯ ದಂಡೆಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಭರ್ತಿಯಾದೆ. 1780ರಿಂದ ನಡೆದುಬಂದ ಪಡೆ. ತಮಿಳರು, ತೆಲುಗರು, ಮಲಯಾಳಿಗಳು, ನಾವು. ಎಲ್ಲರಿಗೂ ಒಂದೇ ಹೆಸರು, ತಂಬಿ. ಸ್ಯಾಪರ್‌ಗಳ ಕೆಲಸ ಮುಂದೆ ಹೋಗಿ ದಾರಿ ಮಾಡುವುದು. ಸೇತುವೆ ಕಟ್ಟು, ಸೇತುವೆ ಕೆಡವು, ಬಂಕರ್ ತೋಡು, ಮೈನು ಹುಗಿ, ಮೈನು ತೆಗೆ. ನಮ್ಮ ಬಿಲ್ಲೆಯ ಮೇಲಿನ ಮಾತು ‘ಸರ್ವತ್ರ’. ಹೊಲದಲ್ಲಿ ಹಗ್ಗ ಹಿಡಿದು ಸಾಲು ಬಿತ್ತಿ ಬಂದವನಿಗೆ ಅಲ್ಲಿನ ಅಳತೆಯ ಕೆಲಸ ಬೇಗ ಕೈಗೆ ಹತ್ತಿತು. ನನ್ನ ಗೆರೆ ನೇರ ಅಂತ ಉಸ್ತಾದರು ಹೇಳಿದ ದಿನ ನಾನು ಆಯಿಗೆ ಕಾಗದ ಬರೆಸಿದ್ದೆ.

2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿಯಾಯಿತು. ಮುಂದೆ ಆಪರೇಷನ್ ಪರಾಕ್ರಮ್. ಜನವರಿಯ ಚಳಿಯಲ್ಲಿ ನಾವು ರಾಜಸ್ಥಾನದ ಗಡಿಯಲ್ಲಿ ಮೈನು ಹುಗಿಯುತ್ತಿದ್ದೆವು, ಹೆಚ್ಚಾಗಿ ರಾತ್ರಿ. ಮೈನು ಹುಗಿಯುವುದೆಂದರೆ ಗುಂಡಿ ತೋಡಿ ಮುಚ್ಚುವುದು ಅಂದುಕೊಂಡವರಿಗೆ ಅದರ ಮುಖ್ಯ ಭಾಗ ಗೊತ್ತಿಲ್ಲ. ಮುಖ್ಯವಾದದ್ದು ಬರೆಯುವುದು. ಮೊದಲು ಎಂದೂ ಅಲುಗದ ಒಂದು ಗುರುತು ಬೇಕು: ಬಾವಿಯ ಕಟ್ಟೆ, ಮೈಲಿಗಲ್ಲು, ನಾವೇ ನೆಟ್ಟ ಕಬ್ಬಿಣದ ಗೂಟ. ಅಲ್ಲಿಂದ ಕಂಪಾಸು ಹಿಡಿದು ಕೋನ, ಟೇಪು ಹಿಡಿದು ದೂರ. ಸಾಲು ಎಲ್ಲಿ ಶುರು, ಎಲ್ಲಿ ಮುರಿಯುತ್ತದೆ, ಸಾಲಿನಲ್ಲಿ ಎಷ್ಟು, ನಡುವೆ ನಮ್ಮವರು ಹಾಯಲು ಬಿಟ್ಟ ಓಣಿ ಎತ್ತ ತಿರುಗುತ್ತದೆ, ಎಲ್ಲವೂ ರೆಕಾರ್ಡ್ ಶೀಟಿನಲ್ಲಿ ಏರಬೇಕು. ಹುಗಿಯುವವನ ಬೆನ್ನ ಹಿಂದೆ ಬರೆಯುವವನು. ನನ್ನ ಗೆರೆ ನೇರವೆಂದು ನನಗೆ ಬರೆಯುವ ಕೆಲಸ ಬಿತ್ತು. ಕೈ ಸೆಟೆದು ಪೆನ್ಸಿಲ್ ಹಿಡಿಯಲಾಗದ ಚಳಿ. ಕಂಬಳಿಯೊಳಗೆ ಟಾರ್ಚು ಮರೆಮಾಡಿಕೊಂಡು ನಾನು ಗೆರೆ ಎಳೆಯುತ್ತಿದ್ದೆ. ಯಾರಿಗಾಗಿ? ಒಂದು ದಿನ ಇದನ್ನೆಲ್ಲ ತೆಗೆಯಲು ಬರುವವನಿಗಾಗಿ. ಅವನು ನನಗೆ ಗೊತ್ತಿಲ್ಲದವನೂ ಇರಬಹುದು, ನಾನೇ ಇರಬಹುದು. ನಾನು ಮೊದಲ ಸಲ ಓದುಗನೊಬ್ಬನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಆ ಹಾಳೆಗಳನ್ನೇ. ಅಲ್ಲಿ ಒಂದು ಅಂಕಿ ತಪ್ಪಿದರೆ ಓದುಗನ ಕಾಲು ಹೋಗುತ್ತದೆ.

ಅಕ್ಟೋಬರಿನಲ್ಲಿ ಪಡೆ ಹಿಂದೆಗೆಯುವ ಆದೇಶ ಬಂತು. ತೆಗೆಯುವುದು ಹುಗಿದಷ್ಟು ಬೇಗ ಆಗುವ ಕೆಲಸವಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಪ್ರಾಡರ್ ಅನ್ನುವ ಸರಳನ್ನು ಮೂವತ್ತು ಡಿಗ್ರಿ ಓರೆಯಲ್ಲಿ ಮರಳಿಗೆ ಚುಚ್ಚಬೇಕು, ನೆಟ್ಟಗೆ ಚುಚ್ಚಿದರೆ ತಲೆಯ ಮೇಲೆ ಒತ್ತಿದಂತೆ. ಎರಡು ಬೆರಳು ಅಂತರಕ್ಕೊಂದು ಚುಚ್ಚು. ಶುದ್ಧವಾದ ಓಣಿಯ ಎರಡೂ ಕಡೆ ಬಿಳಿ ಪಟ್ಟಿ. ಕೈಯಲ್ಲಿ ಹಾಳೆ ಇದ್ದರೂ ಮರಳು ಹಾಳೆಯ ಮಾತು ಕೇಳುವುದಿಲ್ಲ. ಎಂಟು ತಿಂಗಳ ಗಾಳಿಗೆ ದಿಬ್ಬ ಸರಿಯುತ್ತದೆ, ದಿಬ್ಬದ ಜೊತೆ ಅದರ ಹೊಟ್ಟೆಯಲ್ಲಿದ್ದದ್ದೂ ಸರಿಯುತ್ತದೆ. ಆ ಚಳಿಗಾಲದ ಒಂದು ಬೆಳಗನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

2013ರಲ್ಲಿ ಹವಾಲ್ದಾರನಾಗಿ ಇಪ್ಪತ್ತನಾಲ್ಕು ವರ್ಷ ಮುಗಿಸಿ ಬಂದೆ. ಹೋಗುವಾಗ ನಮ್ಮ ಊರು ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಾನೇ ಬರೆದ ವಿಳಾಸದಲ್ಲಿ ಧಾರವಾಡ ಇತ್ತು, ಇಳಿದದ್ದು ಹಾವೇರಿ ಜಿಲ್ಲೆಯ ಮಣ್ಣಿಗೆ. ಆಯಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಹತ್ತಿ ಹಾಕುತ್ತಿದ್ದ ಹೊಲಗಳಲ್ಲಿ ಗೋವಿನಜೋಳ ನಿಂತಿತ್ತು. ರಜೆಗೆ ಬಂದಾಗ ಊರವರು ಕೇಳುವ ಮಾತು ಎರಡು: ‘ಯಾವಾಗ ಬಂದ್ರಿ? ಯಾವಾಗ ಹೊಂಟ್ರಿ?’ ಇಪ್ಪತ್ತನಾಲ್ಕು ವರ್ಷ ಈ ಎರಡಕ್ಕೂ ನನ್ನ ಹತ್ತಿರ ತಾರೀಖು ಇರುತ್ತಿತ್ತು. ಪಿಂಚಣಿಯಾಗಿ ಬಂದ ಮೇಲೂ ಅವರು ವಾಡಿಕೆಯಂತೆ ಎರಡನೆಯದನ್ನು ಕೇಳುತ್ತಲೇ ಇದ್ದರು. ಇನ್ನ ಹೋಗೂದಿಲ್ರಿ ಅನ್ನುವಾಗ ನನ್ನ ಬಾಯಿ ಒಣಗುತ್ತಿತ್ತು. ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಹೊಲದಲ್ಲಿ ಹೊಸದಾಗಿ ಕೆದರಿದ ಮಣ್ಣು ಕಂಡರೆ ಕಾಲು ತಾನೇ ನಿಲ್ಲುತ್ತಿತ್ತು, ಬಿತ್ತಿಗೆಯ ದಿನಗಳಲ್ಲಿ ಇಡೀ ಹೊಲವೇ ಕೆದರಿದ ಮಣ್ಣು. ಅಣ್ಣ ಕೂರಿಗೆ ಹಿಡಿದು ನಿಶ್ಚಿಂತೆಯಿಂದ ನಡೆಯುವುದನ್ನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ.

ನಮ್ಮ ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಕೆಲವು ಹೊಲದ ಬದುವಿನಲ್ಲಿ ವಾಲಿಕೊಂಡು ನಿಂತಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ತುರುಗಳಿಗಾಗಿ ಸತ್ತವನು, ಊರಿಗಾಗಿ ಸತ್ತವನು, ಒಡೆಯನಿಗಾಗಿ ಸತ್ತವನು. ಅದೇ ಕಾಳಗದಿಂದ ಬದುಕಿ ಮನೆಗೆ ಬಂದು, ಗಾಯ ಮಾಯ್ದು, ಮತ್ತೆ ಮೂವತ್ತು ವರ್ಷ ಜೋಳ ಬಿತ್ತಿದವನಿಗೆ ಕಲ್ಲಿಲ್ಲ. ಇದು ಅನ್ಯಾಯವೆಂದು ನಾನು ಹೇಳಲಾರೆ, ಸತ್ತವರ ಪಾಲು ಸತ್ತವರಿಗೆ ಸಲ್ಲಬೇಕು. 2016ರ ಫೆಬ್ರುವರಿಯಲ್ಲಿ ಪಕ್ಕದ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನಲ್ಲಿ ಹಿಮದಡಿ ಸಿಕ್ಕು, ಆರು ದಿನಗಳ ಮೇಲೆ ಜೀವಂತ ಹೊರಬಂದು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಕಟ್ಟೆಯ ಮೇಲೆ ಕೂರಲು ಜಾಗ ಇರಲಿಲ್ಲ. ಹಿಮ ಎಷ್ಟು ತೂಕ ಇರತೈತಿ, ಉಸಿರು ಹೆಂಗ ಆಡತಾರ, ಕಾಲಿಗೆ ಏನು ಹಾಕ್ಕೊಂತಾರ ಅಂತ ಮೂರು ವರ್ಷದಲ್ಲಿ ಮೊದಲ ಸಲ ಜನ ನನ್ನನ್ನು ಕೇಳಿದರು. ನನಗೆ ಸಾಲಾಗಿ ಹೇಳಲು ಬರಲಿಲ್ಲ. ಪಾಟಿ ತಂದು ಚಿತ್ರ ಬರೆದು ತೋರಿಸಿದೆ. ಮಾತಿಗೆ ಸಿಗದದ್ದು ಗೆರೆಗೆ ಸಿಕ್ಕಿತು.

ಅವತ್ತಿನಿಂದ ಬರೆಯತೊಡಗಿದೆ. ಮೊದಲು ಬಂದದ್ದು ಆಯಿಯ ಕೋಟೆಯೇ. ಆದರೆ ಎಂಟು ಕಮಾನು ಹೊಂದುತ್ತಲೇ ಇರಲಿಲ್ಲ, ಒಂದು ತುದಿ ಉಳಿದುಬಿಡುತ್ತಿತ್ತು. ಹಳೇಬೀಡಿನ ಗೋಡೆಯ ಮೇಲೆ ಇಂಥದ್ದೊಂದು ಇದೆಯೆಂದು ಯಾರೋ ಹೇಳಿದರು. ಒಂದು ದಿನ ಬಸ್ಸು ಹತ್ತಿದೆ.

ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಭಾರತದ ಪಟ್ಟಿಕೆಯಲ್ಲಿ ಅದು ಇದೆ. ವಿಷ್ಣುವರ್ಧನನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕೈಹಚ್ಚಿದ ಗುಡಿ. 2023ರಲ್ಲಿ ಬೇಲೂರು ಸೋಮನಾಥಪುರಗಳ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಾನು ಹೋದದ್ದು ಅದಕ್ಕೂ ಮೊದಲು. ಆನೆ, ಕುದುರೆ, ಬಳ್ಳಿ, ರಥಗಳ ಸಾಲಿನ ನಡುವೆ ಹುಡುಕದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ದೊಡ್ಡದೇನಲ್ಲ, ಪಟ್ಟಿಕೆಯ ಎತ್ತರದಷ್ಟೇ. ಸುತ್ತಲೂ ರಥಿಕರು ಬಿಲ್ಲು ಎಳೆದಿದ್ದಾರೆ, ನಡುವೆ ವ್ಯೂಹ. ನಾನು ಬೆರಳಿಟ್ಟು ನೋಡಲಿಲ್ಲ, ಕಲ್ಲು ಸವೆಯುತ್ತದೆ, ಕಣ್ಣಿನಿಂದ ನಡೆದೆ. ಆಯಿಯದರಲ್ಲಿ ನಡುವೆ ಕೂಡುಗೆರೆ ಇದ್ದರೆ ಇಲ್ಲಿ ನಡುವೆ ಸುರುಳಿ, ಬಸವನಹುಳದ ಚಿಪ್ಪಿನಂತೆ. ಉಳಿದದ್ದೆಲ್ಲ ಅದೇ ಕುಲ. ಕೆತ್ತಿದವನೂ ಎಲ್ಲೋ ಒಬ್ಬ ಆಯಿಯಿಂದಲೇ ಕಲಿತಿರಬೇಕು ಅನ್ನಿಸಿ ಎದೆ ತುಂಬಿತು. ಒಂದು ವಿಷಯ ಮಾತ್ರ ಅಲ್ಲಿ ನಿಂತಾಗಲೇ ಹೊಳೆದದ್ದು. ಆ ಕಲ್ಲಿನಲ್ಲಿ ಕವಲು ದಾರಿಯೇ ಇಲ್ಲ. ಒಳಗೆ ಹೋಗಲು ಬಂದವನಿಗೆ ಹೊರಬರಲು ಬರುವುದಿಲ್ಲ ಅನ್ನುವುದಕ್ಕೆ ದಾರಿ ಕಾರಣವಲ್ಲ. ಅದೇ ದಾರಿ. ನಡುವೆ ನಿಂತು ಬೆನ್ನು ತಿರುಗಿಸಲು ಬಿಡಲಿಲ್ಲ ಅವನಿಗೆ. ಹಿಂದೆ ಸೈಂಧವ ಬಾಗಿಲು ಮುಚ್ಚಿದ್ದ, ಸುತ್ತ ಮಹಾರಥರಿದ್ದರು.

ಲಖನೌದಲ್ಲಿದ್ದಾಗ ಬಡಾ ಇಮಾಂಬಾಡಾದ ಭೂಲ್ ಭುಲಯ್ಯಾ ನೋಡಿದ್ದೆ. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲೆಂದು 1784ರಲ್ಲಿ ಆಸಫುದ್ದೌಲ ಕಟ್ಟಿಸಿದ್ದು. ಅಲ್ಲಿ ಹೆಜ್ಜೆಗೊಂದು ಕವಲು, ಹತ್ತರಲ್ಲಿ ಒಂಬತ್ತು ಸುಳ್ಳು ದಾರಿ. ಅದು ಬೇರೆಯೇ ಜಾತಿ. ಗ್ರೀಕರ ಕ್ರೀಟ್ ದ್ವೀಪದ ಕತೆಯಲ್ಲಿ ಥೀಸಿಯಸ್ ಅನ್ನುವ ರಾಜಕುಮಾರ ನೂಲಿನ ಉಂಡೆ ಬಿಚ್ಚುತ್ತಾ ಒಳಗೆ ಹೋಗಿ, ಗೂಳಿತಲೆಯ ರಾಕ್ಷಸನನ್ನು ಕೊಂದು, ನೂಲು ಹಿಡಿದು ಹೊರಬರುತ್ತಾನೆ. ನೂಲು ಕೊಟ್ಟವಳು ಅರಿಯಾಡ್ನೆ ಅನ್ನುವ ಹುಡುಗಿ. ಕತೆ ಕವಲುದಾರಿಯದು, ಆದರೆ ಕ್ನೋಸಸ್ಸಿನ ಹಳೆಯ ನಾಣ್ಯಗಳ ಮೇಲೆ ಅಚ್ಚಾದದ್ದು ಆಯಿಯ ಒಂಟಿ ಓಣಿಯ ಏಳು ಸುತ್ತು. ನಾಣ್ಯದ ಚಿತ್ರವನ್ನು ಪುಸ್ತಕದಲ್ಲಿ ನೋಡಿ ಅವ್ವನಿಗೆ ತೋರಿಸಿದಾಗ ಅವಳು ‘ಇದು ನಮ್ಮತ್ತಿ ಬರೀತಿದ್ದದ್ದ ಅಲ್ಲೇನು’ ಅಂದಳು. ಆ ಚಿತ್ರದಿಂದಲೇ ನಾನು ಉಳಿದ ತುದಿಯ ಲೆಕ್ಕ ಹಿಡಿದದ್ದು.

ಬೆನ್ನು ತಿರುಗಿಸಿದವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ಬಂಕಾಪುರ ನಮ್ಮ ತಾಲೂಕಿನಲ್ಲೇ ಇದೆ. ಈಗ ಅಲ್ಲಿನ ಕೋಟೆಯಲ್ಲಿ ನವಿಲುಗಳ ರಾಜ್ಯ. ನಗರೇಶ್ವರನ ಅರವತ್ತು ಕಂಬದ ಗುಡಿಯ ಕಡೆ ಬೆಳಗಿನ ಹೊತ್ತು ಹೋದರೆ ಅವುಗಳ ಕೂಗಿಗೆ ಕಂಬಗಳೇ ಮಾರ್ದನಿ ಕೊಡುತ್ತವೆ. ಆ ಊರಿಗೆ ಗಂಗರ ದೊರೆ ಮಾರಸಿಂಹ ಬಂದ. ರಾಷ್ಟ್ರಕೂಟರಿಗಾಗಿ ಜೀವಮಾನವಿಡೀ ಕಾದಿದವನು, ಆ ರಾಷ್ಟ್ರಕೂಟರ ರಾಜ್ಯವೇ ಕುಸಿದ ಮೇಲೆ ಕತ್ತಿ ಕೆಳಗಿಟ್ಟು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ಮಾಡಿ ದೇಹ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಗೆಲುವುಗಳನ್ನೆಲ್ಲ ಎಣಿಸಿ ಕೊನೆಗೆ ಇದನ್ನು ಹೇಳುತ್ತದೆ. ಅವನ ಕೆಳಗೆ ಕಾದಿದ ಚಾವುಂಡರಾಯ ಅದೇ ಗುರುವಿನ ಶಿಷ್ಯ. ಅವನು ಮುಂದೆ ಪುರಾಣ ಬರೆದ, ಗೊಮ್ಮಟನನ್ನು ನಿಲ್ಲಿಸಿದ. ಒಬ್ಬ ಉಪವಾಸಕ್ಕೆ ಕೂತ, ಇನ್ನೊಬ್ಬ ಬರೆಯಲು ಕೂತ. ಬಂಕಾಪುರಕ್ಕೆ ಹೋದಾಗ ನಾನು ಎರಡನೆಯವನನ್ನೇ ಹೆಚ್ಚು ನೆನೆಯುತ್ತೇನೆ.

ಬಾಡ ಇನ್ನೂ ಹತ್ತಿರ. ಬೀರಪ್ಪ ಬಚ್ಚಮ್ಮರ ಮಗ ತಿಮ್ಮಪ್ಪನಾಯಕ ಆ ಸೀಮೆಯ ಡಣಾಯಕನಾಗಿದ್ದ. ಕಾಳಗವೊಂದರಲ್ಲಿ ಮೈತುಂಬ ಗಾಯವಾಗಿ ಬಿದ್ದು, ಬದುಕಿ ಎದ್ದವನು ಮತ್ತೆ ಕತ್ತಿಗೆ ಕೈಹಾಕಲಿಲ್ಲ ಎಂದು ಪರಂಪರೆ ಹೇಳುತ್ತದೆ. ಕನಕದಾಸನಾದ. ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ಹಾಡಿದ. ಬಾಡದಲ್ಲಿ ಸರ್ಕಾರ ಅವನ ನೆನಪಿಗೆ ಅರಮನೆ ಕಟ್ಟಿದೆ. ನನಗೆ ಆ ಅರಮನೆಗಿಂತ ಊರಾಚೆಯ ಬಯಲಿನಲ್ಲಿ ನಿಲ್ಲುವುದೇ ಇಷ್ಟ, ಗಾಯಾಳು ಎದ್ದು ಕೂತದ್ದು ಇಂಥ ಬಯಲಿನಲ್ಲೇ. ಅವನ ಮೋಹನತರಂಗಿಣಿಯಲ್ಲಿ ಬಾಣಾಸುರನ ಜೊತೆಗಿನ ಕಾಳಗ ಬರುತ್ತದೆ. ಕಾದಿದವನ ಕಣ್ಣು ಅಲ್ಲಿದೆ. ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಗಟ್ಟಿಯಾಗಿ ಹೊರಬರುವುದು ರಾಗಿ. ಸೆರೆಯೊಳಗೆ ಕಾಳು ಹೊಕ್ಕು ಹೊರಬರುವ ಈ ಕತೆಯನ್ನು ಒಬ್ಬ ಮಾಜಿ ಸೈನಿಕ ಬರೆದನೆಂಬುದು ನನಗೆ ಬಹಳ ಹೇಳುತ್ತದೆ. ಆಮೇಲೆ ಅವನ ಮುಂಡಿಗೆಗಳು. ಮುಂಡಿಗೆ ಅಂದರೆ ಒಗಟಿನ ಹಾಡು. ಮೊದಲ ಸಾಲಿನಲ್ಲಿ ಒಳಗೆ ಹೊಕ್ಕರೆ ಅರ್ಥ ಕೈಗೆ ಬಂದೇಬಿಟ್ಟಿತು ಅನ್ನಿಸಿ, ಮುಂದಿನ ತಿರುವಿನಲ್ಲಿ ಆಚೆ ಗೋಡೆಗೆ ಒಯ್ದು ನಿಲ್ಲಿಸುತ್ತದೆ. ಇದೇ ತಾಲೂಕಿನ ಶಿಶುವಿನಹಾಳದ ಷರೀಫ ಸಾಹೇಬರ ತತ್ವಪದಗಳದ್ದೂ ಇದೇ ನಡಿಗೆ. ನಮ್ಮ ನೆಲ ಮಾತಿನಲ್ಲೂ ಕೋಟೆ ಕಟ್ಟುತ್ತದೆ.

ನನ್ನ ಕಲಿಕೆ ನಿಧಾನದ್ದು. ಹೆದ್ದಾರಿಯ ಗೊಟಗೋಡಿಯಲ್ಲಿ ಚಿತ್ರಕಲಾವಿದ ಟಿ.ಬಿ. ಸೊಲಬಕ್ಕನವರು ಕಟ್ಟಿದ ರಾಕ್ ಗಾರ್ಡನ್ನಿಗೆ ಎಷ್ಟೋ ಮಧ್ಯಾಹ್ನ ಹೋಗಿ ಕೂತಿದ್ದೇನೆ. ಸಿಮೆಂಟಿನ ರೈತರು, ಸಿಮೆಂಟಿನ ಎತ್ತುಗಳು, ಕಟ್ಟೆಯ ಮೇಲೆ ಮಾತಾಡುತ್ತಾ ಕೂತ ಹಿರಿಯರು. ಕಾಲಿನ ಬಿರುಕು, ಪಟಗದ ಸುತ್ತು ಸಹಿತ. ನನ್ನ ಅಣ್ಣನ ನಿಲುವನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಅಲ್ಲಿನ ಒಬ್ಬ ಸಿಮೆಂಟಿನ ರೈತನಲ್ಲಿ. ಮನೆಗೆ ಬಂದು ಅಣ್ಣನನ್ನು ಬರೆದೆ, ಕೂರಿಗೆಯ ಹಿಂದೆ, ಕೆದರಿದ ಮಣ್ಣಿನಲ್ಲಿ ಬರಿಗಾಲು. ಆ ಬರಿಗಾಲನ್ನು ಮೂವತ್ತು ಸಲವಾದರೂ ಬರೆದಿದ್ದೇನೆ. ಹೆಬ್ಬೆರಳು ಮಣ್ಣಿಗೆ ಒತ್ತುವ ಜಾಗ ಬಂದಾಗ ಮೊದಮೊದಲು ಪೆನ್ಸಿಲ್ ನಿಲ್ಲುತ್ತಿತ್ತು. ಈಗ ನಿಲ್ಲುವುದಿಲ್ಲ. ಹೋದ ಮುಂಗಾರಿನಲ್ಲಿ ನಾನೂ ಕೂರಿಗೆಯ ಹಿಂದೆ ನಾಲ್ಕು ಸಾಲು ನಡೆದೆ.

ಸುಗ್ಗಿ ಮುಗಿದು ಕಣ ಖಾಲಿಯಾದಾಗ ಒಂದು ಭಾನುವಾರ ಆಯಿಯ ಕೋಟೆಯನ್ನು ದೊಡ್ಡದಾಗಿ ಬರೆದೆ. ನಡುವೆ ಗೂಟ, ಗೂಟಕ್ಕೆ ಹಗ್ಗ, ಕೈಯಲ್ಲಿ ಸುಣ್ಣದ ಪುಡಿ. ಎರಡು ಅಡಿ ಅಗಲದ ಓಣಿ. ಬಾಯಿಂದ ನಡುವಿಗೆ ನೇರ ಹೆಜ್ಜೆ ಹಾಕಿದರೆ 16 ಅಡಿ, ಓಣಿ ಹಿಡಿದು ಹೋದರೆ 400 ಅಡಿಯಷ್ಟು. ಮಕ್ಕಳು ಸಾಲಾಗಿ ಹೊಕ್ಕರು. ಹೊಕ್ಕವನನ್ನು ಅದು ಮೊದಲು ಮೂರನೆಯ ಸುತ್ತಿಗೆ ಒಯ್ಯುತ್ತದೆ, ಅಲ್ಲಿಂದ ಎರಡಕ್ಕೆ, ಆಮೇಲೆ ಎಲ್ಲಕ್ಕಿಂತ ಹೊರಗಿನ ಒಂದಕ್ಕೆ. ಬಂದದ್ದು ಒಳಗೆ, ಸರಿಯುತ್ತಿರುವುದು ಹೊರಗೆ. ಆಮೇಲೆ ನಾಲ್ಕು, ಅಲ್ಲಿಂದ ಒಮ್ಮೆಲೇ ಏಳು. ಏಳರಲ್ಲಿ ನಡೆಯುವಾಗ ನಡುವಿನ ಮನೆ ಗೋಡೆಯಾಚೆ ಕೈಗೆಟಕುವಷ್ಟು ಹತ್ತಿರ. ಮುಟ್ಟಿದೆ ಅನ್ನುವಷ್ಟರಲ್ಲಿ ಆರಕ್ಕೆ, ಐದಕ್ಕೆ ದೂರ ಎಳೆದೊಯ್ದು, ಐದರಿಂದ ತಟ್ಟನೆ ನಡುವಿಗೆ. ಮಕ್ಕಳು ಎದುರುಬದುರಾಗಿ ಹಾಯುವಾಗ ಪಕ್ಕದ ಓಣಿಯವನು ಮುಂದಿದ್ದಾನೋ ಹಿಂದಿದ್ದಾನೋ ತಿಳಿಯದೆ ಕೂಗಾಡಿದರು. ಯಾರೂ ಸುಣ್ಣದ ಗೆರೆ ದಾಟಲಿಲ್ಲ, ನಾನು ದಾಟಬೇಡಿ ಅಂತ ಹೇಳಿರಲಿಲ್ಲ. ನಡುವೆ ಮುಟ್ಟಿದವರಿಗೆ ಒಂದೊಂದು ಬೊಗಸೆ ಶೇಂಗಾ ಕೊಟ್ಟೆ. ತಿನ್ನುತ್ತಾ ಬಂದ ದಾರಿಯಲ್ಲೇ ಹೊರಗೆ ಬಂದರು. ನನ್ನ ಎರಡು ಕಡೆ ಬಿಳಿ ಗೆರೆ, ನಡುವೆ ಮಕ್ಕಳ ಕಾಲು. ನಾನು ಆ ಸಂಜೆ ಬಹಳ ಹೊತ್ತು ಗೂಟದ ಹತ್ತಿರವೇ ಕೂತಿದ್ದೆ.

ಆ ರಾತ್ರಿ ಅವ್ವ ದೀಪದ ಕೆಳಗೆ ಮೊರ ಹಿಡಿದು ಜೋಳ ಹಸನ ಮಾಡುತ್ತಿದ್ದಳು. ನಾನು ವಹಿ ತೆರೆದು ಕೂತಿದ್ದೆ, ರೂಲ್ ಹಾಕಿದ ನೂರು ಪುಟದ ವಹಿ. ಅದರಲ್ಲಿ ಹಲಸೂರು ಕೆರೆಯಿದೆ, ಉಸ್ತಾದರಿದ್ದಾರೆ, ಬಾವಿಯ ಕಟ್ಟೆಯಿಂದ ಎಳೆದ ಕೋನವಿದೆ. ಒಂದು ಪುಟ ಬಿಟ್ಟು ಮುಂದೆ ಬರೆಯುತ್ತಾ ಹೋಗಿದ್ದೆ, ಆ ಪುಟ ಖಾಲಿ ಇತ್ತು. ‘ಏನ್ ಬರಿಯಾಕ ಹತ್ತೀಯೋ?’ ಅಂದಳು. ಓದ್ಲೇನ ಅಂದೆ. ಹೂಂ ಅಂದಳು.

ಬರೆದದ್ದು ಓದಿದೆ. ಕಾಳು ಮೊರದಲ್ಲಿ ಹಾರುವ ಸದ್ದಿನ ನಡುವೆ ಹೂಂ, ಹೂಂ. ಖಾಲಿ ಪುಟ ಬಂದಾಗ ನಿಲ್ಲಿಸಲಿಲ್ಲ, ಓದುವ ದನಿಯಲ್ಲೇ ಹೇಳಿದೆ. ಬಿಳಿ ಪಟ್ಟಿಯ ಒಳಗೆ, ಶುದ್ಧವಾದ ಓಣಿಯಲ್ಲಿ, ದಿಬ್ಬ ಸರಿದು ಬಂದ ಒಂದು ಮೈನು ಇತ್ತು. ನನ್ನ ಮುಂದೆ ನಾಲ್ಕು ಹೆಜ್ಜೆ ನಡೆಯುತ್ತಿದ್ದ ಹುಡುಗನ ಎಡಗಾಲು ಹೋಯಿತು. ಅವನು ನನ್ನ ಕಡೆ ತಿರುಗಿ ಬೂಟು ಎಲ್ಲಿ ಅಂತ ತನ್ನ ಮಾತಿನಲ್ಲಿ ಕೇಳಿದ. ಇಬ್ಬರಿಗೂ ಗೊತ್ತಿದ್ದ ಹಿಂದಿ ಆಗ ಇಬ್ಬರಿಗೂ ಮರೆತಿತ್ತು. ಹಾಳೆಯಲ್ಲಿ ನಾನು ಬರೆದ ಅಂಕಿ ಸರಿಯಾಗಿತ್ತು, ಆಮೇಲೆ ಮೂರು ಸಲ ತಾಳೆ ನೋಡಿದರು. ಸರಿಯಾಗಿತ್ತು.

ಮೊರದ ಸದ್ದು ಯಾವಾಗಲೋ ನಿಂತಿತ್ತು. ಅವ್ವನ ಕಣ್ಣು ಮುಚ್ಚಿದ್ದವು. ನಿದ್ದೆ ಹತ್ತಿತೇನೋ ಅಂದುಕೊಂಡು ಸುಮ್ಮನಾದೆ.

‘ಅವರವ್ವಗ ಯಾರು ಹೇಳಿದ್ರಪಾ?’ ಅಂದಳು.

ಹದಿನೈದು ವರ್ಷ ಆ ಬೆಳಗನ್ನು ನಾನು ಮತ್ತೆ ಮತ್ತೆ ಸುತ್ತಿದ್ದೆ, ಈ ತಿರುವಿಗೆ ಬಂದಿರಲೇ ಇಲ್ಲ. ಕಾಗದ ಬರೆದವನು ನಾನೇ. ಅಕ್ಷರ ದುಂಡಗಿದೆಯೆಂದು ನನಗೇ ಕೊಟ್ಟಿದ್ದರು. ಅವನು ಹೇಳಿದಂತೆ, ಆಸ್ಪತ್ರೆಯ ಮಂಚದ ಪಕ್ಕ ಕೂತು, ಎರಡು ಪುಟ. ಕಾಲಿನ ಸುದ್ದಿಯನ್ನು ಅವನು ಕೊನೆಯ ಸಾಲಿನಲ್ಲಿ ಬರೆಸಿದ. ಮೊದಲ ಪುಟದ ತುಂಬ ಮನೆಯ ಎಮ್ಮೆ ಈದದ್ದರ ಬಗ್ಗೆ, ತಂಗಿಯ ಪರೀಕ್ಷೆಯ ಬಗ್ಗೆ ಕೇಳಿದ್ದ.

ವಹಿ ಮಡಚಿಟ್ಟು ಅದನ್ನು ಹೇಳತೊಡಗಿದೆ. ಅವ್ವ ಮೊರ ಕೆಳಗಿಟ್ಟು, ಗೋಡೆಗೆ ಒರಗಿ ಕೂತಳು.